ನದಿಯ ನಾಡಿ ನೋಡುವುದು ಹೇಗೆ?

ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಿಂದ ನೀರು ಬಿಟ್ಟಾಗ ಹೊಳೆಯ ಮೇಲೆ ಬೆಳ್ಳನೆಯ ನೊರೆ ಗುಡ್ಡೆಗುಡ್ಡೆಯಾಗಿ ಏಳುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ದೂರದಿಂದ ನೋಡುವವರಿಗೆ ಅದು ಹತ್ತಿಯ ರಾಶಿಯಂತೆ ಕಾಣುತ್ತದೆ. ಆದರೆ ಆ ನೀರನ್ನೇ ನಂಬಿ ಬೆಳೆಯಿಡುವ ರೈತರಿಗೆ ಅದನ್ನು ಕಂಡರೆ ಆತಂಕ.

ಈ ನೊರೆ ಎಲ್ಲಿಂದ ಬಂದಿತು? ದಕ್ಷಿಣ ಪಿನಾಕಿನಿ ನದಿಯು ಕರ್ನಾಟಕದ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯ ಕಡೆಯಿಂದ ಹರಿದು ತಮಿಳುನಾಡನ್ನು ಸೇರುತ್ತದೆ. ಇಲ್ಲಿ ಇದಕ್ಕೆ ತೆನ್‌ಪೆಣ್ಣೈ ಎಂದು ಹೆಸರು. ಕೆಲವರಪಳ್ಳಿಯನ್ನೂ ಕೃಷ್ಣಗಿರಿ ಅಣೆಕಟ್ಟನ್ನೂ ದಾಟಿ, ಕೊನೆಗೆ ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಕೂಡುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರು ದಾರಿಯಲ್ಲಿ ಇದಕ್ಕೆ ಬಂದು ಸೇರುತ್ತದೆ. ಮನೆಮನೆಗಳ ಕೊಳಚೆಯೂ ಸಾಬೂನು ಪುಡಿಯ ನೀರೂ ಆ ಕೆರೆಗಳಿಗೆ ಹರಿದುದರಿಂದ ಅಲ್ಲಿಯೂ ನೊರೆ ಎದ್ದಿತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಇತ್ತ ಹೊಸೂರಿನಲ್ಲಿಯೂ 1970ರ ದಶಕದಿಂದ ಕಾರ್ಖಾನೆಗಳು ಬೆಳೆದಿವೆ, ಜನವಸತಿ ಹೆಚ್ಚಿದೆ. ಆದುದರಿಂದ ಒಬ್ಬರು ಇನ್ನೊಬ್ಬರನ್ನು ದೂರುವುದು ಸುಲಭ. ನಿಜ ತಿಳಿಯಬೇಕಾದರೆ ನೀರನ್ನು ಪರೀಕ್ಷಿಸಬೇಕು.

ಕಣ್ಣನ್ನು ಮಾತ್ರ ನಂಬುವಂತಿಲ್ಲ. ನೊರೆಯಿಲ್ಲದ ತಿಳಿನೀರಿನಲ್ಲಿಯೂ ಕ್ರೋಮಿಯಂ, ನಿಕ್ಕಲ್‌ಗಳಂತಹ ಲೋಹಗಳು ಕರಗಿರಬಹುದು. ವೈದ್ಯರು ರೋಗಿಯ ನಾಡಿ ನೋಡುವಂತೆ ವಿಜ್ಞಾನಿಗಳು ಮೊದಲು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ನೋಡುತ್ತಾರೆ. ಮೀನು ಉಸಿರಾಡುವುದು ಅದರಿಂದಲೇ. ಸ್ನಾನಕ್ಕೆ ಯೋಗ್ಯವಾದ ನದಿಯ ನೀರಿನಲ್ಲಿ ಅದು ಲೀಟರಿಗೆ 5 ಮಿಲಿಗ್ರಾಂಗೆ ಕಡಿಮೆಯಿರಬಾರದು.

ಎರಡನೆಯದು ಬಿ.ಒ.ಡಿ. ಎಂಬ ಪರೀಕ್ಷೆ. ಕೊಳಚೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ನೀರನ್ನು ಸೀಸೆಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಕತ್ತಲಲ್ಲಿ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 3 ದಿನ ಇಡುತ್ತಾರೆ. ಮೊದಲು 8 ಮಿಲಿಗ್ರಾಂ ಇದ್ದ ಆಮ್ಲಜನಕ ಆಮೇಲೆ 6ಕ್ಕೆ ಇಳಿದಿದ್ದರೆ ಬಿ.ಒ.ಡಿ. 2 ಎಂದರ್ಥ. ಸ್ನಾನದ ನೀರಿಗೆ ಇದು 3ನ್ನು ಮೀರಬಾರದು. ಇವಲ್ಲದೆ ಆಮ್ಲ-ಕ್ಷಾರ ಗುಣ, ಕರಗಿದ ಲವಣ, ಮಲದಿಂದ ಬರುವ ರೋಗಾಣುಗಳ ಸುಳಿವು, ಲೋಹಗಳು ಇವುಗಳಿಗೆ ಬೇರೆ ಬೇರೆ ಪರೀಕ್ಷೆಗಳುಂಟು.

ನೀರನ್ನು ಎಲ್ಲಿ, ಯಾವಾಗ ಹಿಡಿಯಬೇಕೆಂಬುದೂ ಅಷ್ಟೇ ಮುಖ್ಯ. ಒಂದು ಕಾರ್ಖಾನೆಯ ಚರಂಡಿ ಹೊಳೆಗೆ ಬೀಳುವುದಾದರೆ ಅದರ ಮೇಲ್ಗಡೆ ಒಂದು ಸೀಸೆ, ಕೆಳಗಡೆ ಒಂದು ಸೀಸೆ ನೀರು ಬೇಕು. ಎರಡರಲ್ಲಿಯೂ ಒಂದೇ ದೋಷ ಸಮನಾಗಿದ್ದರೆ ಆ ದೋಷ ಇನ್ನೂ ಮೇಲಿನಿಂದ ಬಂದಿರಬೇಕು. ಕೆಳಗಡೆ ಮಾತ್ರ ಹೆಚ್ಚಿದ್ದರೆ ಸಂದೇಹ ಆ ಚರಂಡಿಯ ಮೇಲೆ. ರಾಜ್ಯದ ಗಡಿಯಲ್ಲಿಯೂ ಇದೇ ಲೆಕ್ಕ. ಮಳೆಗಾಲದಲ್ಲಿ ಹೊಲಸು ತೆಳುವಾಗುತ್ತದೆ, ಬೇಸಿಗೆಯಲ್ಲಿ ದಟ್ಟವಾಗುತ್ತದೆ. ಪಾಚಿ ತುಂಬಿದ ನೀರಿನಲ್ಲಿ ಆಮ್ಲಜನಕ ಮಧ್ಯಾಹ್ನ ಏರಿ, ಬೆಳಗಿನ ಜಾವ ಇಳಿಯುತ್ತದೆ. ಆದುದರಿಂದ ಒಂದು ದಿನದ ಪರೀಕ್ಷೆ ಸಾಲದು. ಗೊತ್ತುಮಾಡಿದ ಜಾಗಗಳಲ್ಲಿ ವರ್ಷವಿಡೀ ಅಳೆದು ಬರೆದಿಟ್ಟಾಗಲೇ ನದಿಯ ಸ್ಥಿತಿ ತಿಳಿಯುತ್ತದೆ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯು ಈ ಹೊಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಲಿಗಳಿಗೆ ವಹಿಸಿದೆ.

ಹಾಗಾದರೆ ನಮ್ಮ ಕೆಲಸವೇನು? ನೊರೆಯನ್ನು ಮುಟ್ಟದೆ, ನೀರಿಗಿಳಿಯದೆ, ಸೇತುವೆಯ ಮೇಲೆ ನಿಂತೇ ವಾರಕ್ಕೊಮ್ಮೆ ನೀರಿನ ಬಣ್ಣ, ವಾಸನೆ, ನೊರೆ, ಮಳೆ ಇವುಗಳನ್ನು ತಾರೀಖು ಸಹಿತ ಬರೆದಿಡಬಹುದು. ಪರೀಕ್ಷೆಯ ಅಂಕಿಗಳ ಪಕ್ಕದಲ್ಲಿ ಇಂತಹ ಪುಸ್ತಕವೂ ಇದ್ದರೆ, ಹೊಳೆ ಯಾವಾಗ ಕೆಟ್ಟಿತೆಂದು ಯಾರಾದರೂ ಕೇಳಿದಾಗ ಊಹೆಯ ಮಾತಿಗೆ ಬದಲಾಗಿ ನಾವು ಬರಹವನ್ನೇ ತೋರಿಸಬಹುದು.