ಸ್ವಂತ ಸರ್ವರಿನ ವೆಬ್‌ಮೇಲ್

ಬ್ರೌಸರೊಂದಿದ್ದರೆ ಸಾಕು, ಯಾವ ಊರಿನ ಯಾವ ಯಂತ್ರದೆದುರು ಕುಳಿತರೂ ತನ್ನ ಪತ್ರಗಳನ್ನು ಓದಿಕೊಳ್ಳಬಹುದೆಂಬ ಸೌಕರ್ಯವು ಜನಸಾಮಾನ್ಯರಿಗೆ ಲಭಿಸಿದ್ದು 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭವಾದ ಮೇಲೆ. ಜ್ಯಾಕ್ ಸ್ಮಿತ್ ಅವರೊಡಗೂಡಿ ಅದನ್ನು ನಿರ್ಮಿಸಿದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರೆಂಬುದು ನಮಗೆ ಸಂತೋಷ ತರತಕ್ಕ ಸಂಗತಿ. ಅಲ್ಲಿಂದೀಚೆಗೆ ನಮ್ಮಲ್ಲಿ ಬಹುಮಂದಿ ಪತ್ರವ್ಯವಹಾರವನ್ನೆಲ್ಲ ದೊಡ್ಡ ಕಂಪನಿಗಳ ವಶಕ್ಕೊಪ್ಪಿಸಿ ನಿಶ್ಚಿಂತರಾಗಿದ್ದೇವೆ. ಆದರೂ ತಮ್ಮ ಸಂಸ್ಥೆಯ ಹೆಸರಿನ ವಿಳಾಸವೂ ತಮ್ಮದೇ ಆದ ಸರ್ವರೂ ಇರಬೇಕೆಂದು ಬಯಸುವ ಕಾಲೇಜುಗಳು, ಸಹಕಾರ ಸಂಘಗಳು, ಪ್ರಕಾಶನ ಸಂಸ್ಥೆಗಳು ಇಂದಿಗೂ ಉಂಟು; ಆ ಬಯಕೆ ಗೌರವಾರ್ಹವಾದುದೆಂದೇ ನನ್ನ ನಂಬಿಕೆ. ಅಂಥವರು ವೆಬ್‌ಮೇಲ್ ತಂತ್ರಾಂಶವೊಂದನ್ನು ಆರಿಸುವಾಗ, ಅದರ ರೂಪಲಾವಣ್ಯವನ್ನು ನೋಡುವುದಕ್ಕೆ ಮೊದಲು, ಅದನ್ನು ಇಂದು ಪೋಷಿಸುತ್ತಿರುವವರು ಯಾರೆಂದು ವಿಚಾರಿಸಬೇಕು.

ವೆಬ್‌ಮೇಲ್ ಪತ್ರಗಳನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಹೊರಗಿನಿಂದ ಬಂದ ಪತ್ರವನ್ನು ಬರಮಾಡಿಕೊಳ್ಳುವುದು ಪೋಸ್ಟ್‌ಫಿಕ್ಸಿನಂಥ ಒಂದು ತಂತ್ರಾಂಶ. ಅದನ್ನು ಜೋಡಿಸಿಟ್ಟು ಕೇಳಿದಾಗ ತೆಗೆದುಕೊಡುವುದು ಡವ್‌ಕಾಟಿನಂಥ ಇನ್ನೊಂದು. ಧಾನ್ಯದ ಕಣಜವು ಅಲ್ಲಿದೆ. ವೆಬ್‌ಮೇಲ್ ಅದಕ್ಕೆ ಇರಿಸಿದ ಬಾಗಿಲು ಮಾತ್ರ. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್ ಎಂಬ ನಿಯಮಾವಳಿಯಂತೆ ಅದು ಪತ್ರಗಳನ್ನು ತಂದು ತೋರಿಸುತ್ತದೆ. ನಾವು ಬರೆದುದನ್ನು ಎಸ್‌ಎಂಟಿಪಿಯ ಮಾರ್ಗವಾಗಿ ರವಾನೆಗೆ ಒಪ್ಪಿಸುತ್ತದೆ. ಬಾಗಿಲನ್ನು ಬದಲಿಸಿದರೆ ಕಾಳೇನೂ ಚೆಲ್ಲುವುದಿಲ್ಲ. ಆದರೆ ಬೀದಿಗೆ ತೆರೆದಿರುವುದು ಅದೇ ಆದುದರಿಂದ ಕಳ್ಳನ ಕೈ ಮೊದಲು ತಾಗುವುದೂ ಅದನ್ನೇ.

1999ರಲ್ಲಿ ಹುಟ್ಟಿದ ಸ್ಕ್ವಿರಲ್‌ಮೇಲ್, ಜಾವಾಸ್ಕ್ರಿಪ್ಟಿನ ಹಂಗಿಲ್ಲದೆ ಬರಿಯ ಎಚ್‌ಟಿಎಂಎಲ್ ಪುಟಗಳಿಂದಲೇ ನಡೆಯುತ್ತಿದ್ದುದರಿಂದ, ಮಂದಗತಿಯ ಸಂಪರ್ಕದಲ್ಲಿಯೂ ಹಳೆಯ ಯಂತ್ರದಲ್ಲಿಯೂ ಸಲೀಸಾಗಿ ತೆರೆಯುತ್ತಿತ್ತು. ಆ ಸರಳತೆಯ ವಿಷಯದಲ್ಲಿ ನನಗಿರುವ ಆದರ ಇನ್ನೂ ಕುಂದಿಲ್ಲ. ಆದರೆ ಅದರ ಕೊನೆಯ ಸ್ಥಿರ ಆವೃತ್ತಿ ಹೊರಬಂದದ್ದು 2011ರಲ್ಲಿ, ಆದಕಾರಣ ಹೊಸದಾಗಿ ಸ್ಥಾಪಿಸಲು ಅದು ತಕ್ಕುದಲ್ಲ. ರೇನ್‌ಲೂಪಿನಿಂದ ಕವಲೊಡೆದ ಸ್ನ್ಯಾಪಿಮೇಲ್ ಹಗುರವಾದುದು, ಚಿಕ್ಕ ಸರ್ವರಿಗೆ ಒಪ್ಪುವಂಥದು. ಕ್ಯಾಲೆಂಡರನ್ನೂ ಹಲವರು ಹಂಚಿಕೊಳ್ಳಬೇಕಾದ ಕಚೇರಿಗೆ ಸೋಗೋ ಯೋಗ್ಯ. ಉಳಿದಂತೆ ಹೆಚ್ಚಿನವರಿಗೆ ನಾನು ಸೂಚಿಸುವುದು, 2005ರಲ್ಲಿ ಥಾಮಸ್ ಬ್ರೂಡರ್ಲಿ ಆರಂಭಿಸಿದ, 2023ರಲ್ಲಿ ನೆಕ್ಸ್ಟ್‌ಕ್ಲೌಡ್ ಕಂಪನಿಯೊಡನೆ ಸೇರಿದ ರೌಂಡ್‌ಕ್ಯೂಬನ್ನು.

ಅದು ನಿರ್ದೋಷವೆಂದು ಈ ಸೂಚನೆಯಲ್ಲ. 2023ರಲ್ಲಿ ಬಯಲಾದ ಒಂದು ದೋಷವು, ಪತ್ರವನ್ನು ತೆರೆದು ನೋಡಿದ ಮಾತ್ರಕ್ಕೇ ಆಗಂತುಕನ ಸ್ಕ್ರಿಪ್ಟು ಓದುಗನ ಬ್ರೌಸರಿನಲ್ಲಿ ಓಡುವಂಥದು. ಯೂರೋಪಿನ ಸರಕಾರಿ ಸಂಸ್ಥೆಗಳ ಮೇಲೆ ಅದರ ಪ್ರಯೋಗವೂ ನಡೆಯಿತು. ಲಾಗಿನ್ ಆದವನಿಗೆ ಸರ್ವರಿನ ಮೇಲೆಯೇ ತನ್ನ ಆಜ್ಞೆಗಳನ್ನು ನಡೆಸಲು ಎಡೆಗೊಡುತ್ತಿದ್ದ ಇನ್ನೊಂದು ದೋಷ, ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಅಡಗಿದ್ದು, 2025ರ ಜೂನಿನಲ್ಲಿ 1.6.11 ಹಾಗೂ 1.5.10 ಎಂಬ ಆವೃತ್ತಿಗಳಲ್ಲಿ ನಿವಾರಣೆಯಾಯಿತು. ಪರಿಹಾರವು ಪ್ರಕಟವಾದೊಡನೆ ಅದನ್ನು ಹಳೆಯ ಸಂಕೇತದೊಡನೆ ಹೋಲಿಸಿ ದೋಷದ ನೆಲೆಯನ್ನು ಕಂಡುಹಿಡಿಯುವ ದುಷ್ಕರ್ಮಿಗಳು ತಿಂಗಳುಗಟ್ಟಲೆ ಕಾಯುವವರಲ್ಲ. ಆವೃತ್ತಿ ಬಂದ ದಿನವೋ ಮರುದಿನವೋ ಅದನ್ನು ಏರಿಸಬಲ್ಲ ಒಬ್ಬ ವ್ಯಕ್ತಿ ಸಂಸ್ಥೆಯಲ್ಲಿಲ್ಲದಿದ್ದರೆ, ಆರಿಸಿದ ತಂತ್ರಾಂಶವು ಎಷ್ಟೇ ಉತ್ತಮವಾಗಿದ್ದರೂ ಫಲವಿಲ್ಲ.

ಸ್ಥಾಪನೆಯು ಕಠಿನವಲ್ಲ; ಕೆಲಸ ಮುಗಿದ ಮೇಲೆ ಇನ್‌ಸ್ಟಾಲರ್ ಕೋಶವನ್ನು ಅಳಿಸುವುದನ್ನೂ, ಲಾಗ್ ಮತ್ತು ತಾತ್ಕಾಲಿಕ ಕಡತಗಳು ಹೊರಗಿನವರಿಗೆ ಕಾಣದಂತೆ ಮಾಡುವುದನ್ನೂ ಮರೆಯಲಾಗದು. ತೊಡಕು ಕಾಣಿಸಿಕೊಳ್ಳುವುದು ಬಳಕೆಯಲ್ಲಿ. ಗುಮಾಸ್ತನೊಬ್ಬನು 5 ಎಂಬಿಯ ಪಿಡಿಎಫನ್ನು ಲಗತ್ತಿಸಲು ಹೋಗುತ್ತಾನೆ, ಅದು ಏರುವುದಿಲ್ಲ. ರೌಂಡ್‌ಕ್ಯೂಬನ್ನು ಬರೆದಿರುವ ಪಿಎಚ್‌ಪಿ ಭಾಷೆಯಲ್ಲಿ ಮೊದಲಿನಿಂದ ಇರುವ ಮಿತಿ ಕೇವಲ 2 ಎಂಬಿ ಎಂಬುದೇ ಇದರ ಕಾರಣ. ಆ ಮಿತಿಯನ್ನು ಹೆಚ್ಚಿಸಿದ ಮೇಲೆಯೂ ಒಂದು ಲೆಕ್ಕ ಉಳಿಯುತ್ತದೆ: ಲಗತ್ತು ಪಯಣಕ್ಕೆ ಹೊರಡುವಾಗ ಪ್ರತಿ ಮೂರು ಬೈಟುಗಳು ನಾಲ್ಕು ಅಕ್ಷರಗಳಾಗಿ ಮಾರ್ಪಡುವುದರಿಂದ, 25 ಎಂಬಿಯ ಪತ್ರಕ್ಕೆ ಅನುಮತಿಯಿರುವಲ್ಲಿ 18 ಎಂಬಿಯ ಕಡತವಷ್ಟೇ ಹಿಡಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದುದು ಫೇಲ್‌ಟುಬ್ಯಾನಿನ ಪ್ರಸಂಗ. ಪಾಸ್‌ವರ್ಡನ್ನು ಮತ್ತೆ ಮತ್ತೆ ತಪ್ಪಾಗಿ ಕೊಡುವವನ ಐಪಿ ವಿಳಾಸವನ್ನು ತಡೆಹಿಡಿಯುವುದು ಅದರ ಕರ್ತವ್ಯ. ಆದರೆ ವೆಬ್‌ಮೇಲಿನ ಮೂಲಕ ಬರುವ ಪ್ರಯತ್ನಗಳೆಲ್ಲವೂ, ಎರಡೂ ಒಂದೇ ಯಂತ್ರದಲ್ಲಿರುವುದರಿಂದ, ಡವ್‌ಕಾಟಿನ ದೃಷ್ಟಿಗೆ 127.0.0.1 ಎಂಬ ಒಂದೇ ವಿಳಾಸದವಾಗಿ ತೋರುತ್ತವೆ. ಆ ವಿಳಾಸವನ್ನೇ ತಡೆದರೆ ದುರುಳನೊಡನೆ ಇಡೀ ಕಚೇರಿಯೂ ಹೊರಗುಳಿಯುತ್ತದೆ, ತಡೆಯದೆ ಬಿಟ್ಟರೆ ಅವನಿಗೆ ಅಡ್ಡಿಯೇ ಇಲ್ಲ. ಆದ್ದರಿಂದ ನಿಜವಾದ ವಿಳಾಸವನ್ನು ದಾಖಲಿಸುವ ರೌಂಡ್‌ಕ್ಯೂಬಿನ ಸ್ವಂತ ಲಾಗನ್ನೇ ಅದು ಓದುವಂತೆ ಏರ್ಪಡಿಸಬೇಕು.

ಬ್ಯಾಕಪ್ಪಿನ ವಿಷಯದಲ್ಲಿ ಒಂದು ಮಾತು. ಪತ್ರಗಳು ಕಣಜದಲ್ಲಿ ಸುರಕ್ಷಿತವಾಗಿವೆಯೆಂದು ಭಾವಿಸಿ ಹಲವರು ಮೇಲ್ ಕೋಶಗಳ ಪ್ರತಿಯನ್ನಷ್ಟೇ ತೆಗೆದಿಡುತ್ತಾರೆ. ಪರಿಚಿತರ ವಿಳಾಸಪಟ್ಟಿಯೂ ಪ್ರತಿಯೊಬ್ಬರ ಸಹಿಯೂ ಇರುವುದು ವೆಬ್‌ಮೇಲಿನ ಡೇಟಾಬೇಸಿನಲ್ಲಿ. ಅದರ ಪ್ರತಿಯೂ ದಿನನಿತ್ಯ ಬೇಕು. ಮುಂದೆ ಬೇರೊಂದು ತಂತ್ರಾಂಶಕ್ಕೆ ಹೋಗುವುದಾದರೆ, ಹಳೆಯದನ್ನು ಮುಚ್ಚುವುದಕ್ಕೆ ಮುಂಚೆಯೇ, ತಂತಮ್ಮ ವಿಳಾಸಗಳನ್ನು ವಿಕಾರ್ಡ್ ಕಡತವಾಗಿ ಇಳಿಸಿಕೊಳ್ಳಿರೆಂದು ಎಲ್ಲರಿಗೂ ತಿಳಿಸತಕ್ಕದ್ದು.