‘ಸತಿ ಸುಲೋಚನ’ ಪೂರ್ತಿ ಸಿನಿಮಾ ಸಿಕ್ಕಿದೆಯೇ? ಲಿಂಕ್ ಒತ್ತುವ ಮುನ್ನ ಓದಿ

ಕನ್ನಡದ ಮೊದಲ ಮಾತಿನ ಚಿತ್ರ ಸಿಕ್ಕಿದೆ, ಇಲ್ಲಿ ಒತ್ತಿ ನೋಡಿ, ಹತ್ತು ಗುಂಪಿಗೆ ಕಳಿಸಿ. ಇಂಥ ಸಂದೇಶ ನಿಮ್ಮ ಫೋನಿಗೆ ಬಂದರೆ ಒಂದು ನಿಮಿಷ ತಡೆಯಿರಿ. ಚುಟುಕು ಉತ್ತರ: ಸಿಕ್ಕಿಲ್ಲ. 1934ರ ಮಾರ್ಚ್ 3ರಂದು ಬಿಡುಗಡೆಯಾದ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇದುವರೆಗೆ ಯಾವ ಚಿತ್ರಭಂಡಾರದಲ್ಲೂ ಪತ್ತೆಯಾಗಿಲ್ಲ. ವೈ.ವಿ. ರಾವ್ ನಿರ್ದೇಶಿಸಿ, ಕೊಲ್ಹಾಪುರದ ಸ್ಟುಡಿಯೋದಲ್ಲಿ ಚಿತ್ರೀಕರಿಸಿದ ಸಿನಿಮಾ ಅದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನ, ಆರ್. ನಾಗೇಂದ್ರರಾಯರು ರಾವಣ. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್ ದೊಡ್ಡ ನಟರಾದರು, ಮೊಮ್ಮಗ ಸೃಜನ್ ಈಗ ಟಿ.ವಿ.ಯಲ್ಲಿ ಮನೆಮಾತು. ತಾತ ಇಂದ್ರಜಿತುವಾಗಿ ಹೇಗೆ ಅಬ್ಬರಿಸಿದ್ದರು ಎಂಬುದನ್ನು ಆ ಮನೆಯವರೂ ಇಂದು ನೋಡುವಂತಿಲ್ಲ.

ಹಾಗಾದರೆ ಆ ಲಿಂಕಿನಲ್ಲಿ ಇರುವುದೇನು? ಹೆಚ್ಚಿನ ಸಲ ನಾಲ್ಕಾರು ಹಳೆಯ ಸ್ಥಿರಚಿತ್ರಗಳಿಗೆ ಹಾಡು ಕೂಡಿಸಿದ ವಿಡಿಯೊ ಇರುತ್ತದೆ. ಇಲ್ಲವೇ ಬೇರೆ ಸಿನಿಮಾ. 1961ರಲ್ಲಿ ಇದೇ ಹೆಸರಿನ ತೆಲುಗು ಚಿತ್ರ ಬಂದಿತ್ತು, ಅದರಲ್ಲಿ ಎನ್.ಟಿ. ರಾಮರಾವ್ ಇದ್ದಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಟಾಕೀಸಿನಲ್ಲಿ ತೆಲುಗು, ಹಿಂದಿ ಎಂದು ಬೆಳೆದ ಬೀದರ್ ಜಿಲ್ಲೆಯವರಿಗೆ ಈ ಗೊಂದಲ ಆಗುವುದು ಸಹಜವೇ. ಆದರೆ ಸಿನಿಮಾ ನೋಡಲು ಮೊದಲು ಈ ಆ್ಯಪ್ ಹಾಕಿಕೊಳ್ಳಿ ಎಂದು ಎಪಿಕೆ ಫೈಲ್ ಬಂದರೆ ಅದು ಗೊಂದಲವಲ್ಲ, ಬಲೆ. ಇಂಥ ಫೈಲುಗಳು ನಿಮ್ಮ ಎಸ್ಸೆಮ್ಮೆಸ್, ಒಟಿಪಿ ಓದುವ ಅನುಮತಿ ಪಡೆದು ಬ್ಯಾಂಕ್ ಖಾತೆಗೆ ಕೈ ಹಾಕಬಲ್ಲವು. ಹಾಕಿಕೊಳ್ಳಬೇಡಿ, ಯಾರಿಗೂ ಕಳಿಸಲೂ ಬೇಡಿ.

‘ಯಾರೋ ಶ್ರೀಮಂತರು ಪ್ರಿಂಟನ್ನು ಬಚ್ಚಿಟ್ಟಿದ್ದಾರೆ, ಹಕ್ಕಿನ ತಕರಾರಿನಿಂದ ಹೊರಗೆ ಬಿಡುತ್ತಿಲ್ಲ’ ಎಂಬ ಮಾತೂ ಹರಿದಾಡುತ್ತದೆ. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1934ರ ಚಿತ್ರದ ಹಕ್ಕು ಎಂದೋ ಮುಗಿದಿದೆ. ಪ್ರತಿ ಇದ್ದವರು ಇಂದು ತೋರಿಸಿದರೆ ತಡೆಯುವವರಿಲ್ಲ, ಬದಲಿಗೆ ಊರಿಗೆ ಊರೇ ಸನ್ಮಾನ ಮಾಡುತ್ತದೆ.

ಪುಣೆಯ ಬೆಂಕಿಯ ಕಥೆ

ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಬಗ್ಗೆಯೂ ಒಂದು ಗಟ್ಟಿ ನಂಬಿಕೆ ಇದೆ: ಅದರ ಕೊನೆಯ ಪ್ರತಿ 2003ರಲ್ಲಿ ಪುಣೆಯ ಬೆಂಕಿಯಲ್ಲಿ ಸುಟ್ಟುಹೋಯಿತು ಎಂದು. ಬೆಂಕಿ ಬಿದ್ದದ್ದು ನಿಜ. ಆ ವರ್ಷದ ಜನವರಿ 8ರಂದು ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ ಸೇರಿದ ಹಳೆಯ ನೈಟ್ರೇಟ್ ರೀಲುಗಳು ಉರಿದವು. ಆದರೆ ‘ಆಲಂ ಆರಾ’ ಅಲ್ಲಿ ಇರಲೇ ಇಲ್ಲ. ಹೀಗೆ ಹೇಳಿದವರು ಭಂಡಾರವನ್ನು ಕಟ್ಟಿದ ಪಿ.ಕೆ. ನಾಯರ್. ಸಂಸ್ಥೆ ಶುರುವಾದದ್ದು 1964ರಲ್ಲಿ. ಅವರು ಆ ಚಿತ್ರವನ್ನು ಹುಡುಕಿಕೊಂಡು ನಿರ್ಮಾಪಕ ಅರ್ದೇಶಿರ್ ಇರಾನಿಯವರ ಮನೆಯವರೆಗೂ ಹೋಗಿದ್ದರು. ಉಳಿದಿದ್ದ ರೀಲುಗಳಿಂದ ಬೆಳ್ಳಿ ತೆಗೆಸಿಯಾಗಿದೆ ಎಂಬ ಉತ್ತರ ಆ ಮನೆಯಿಂದಲೇ ಬಂತೆಂದು ನಾಯರ್ ಹೇಳಿಕೊಂಡಿದ್ದಾರೆ.

ಬೆಳ್ಳಿ ಎಲ್ಲಿಂದ ಬಂತು ಎನ್ನುತ್ತೀರಾ? ಕಪ್ಪು ಬಿಳುಪು ಫಿಲ್ಮಿನಲ್ಲಿ ನಿಮಗೆ ಕಾಣುವ ಕಪ್ಪೆಲ್ಲ ಬೆಳ್ಳಿಯ ಸಣ್ಣ ಸಣ್ಣ ಕಣಗಳೇ. ಓಡಿ ಮುಗಿದ ಸಿನಿಮಾ ನಿರ್ಮಾಪಕನಿಗೆ ಗೋದಾಮಿನ ಬಾಡಿಗೆ, ಗುಜರಿಯವನಿಗೆ ಬೆಳ್ಳಿ. ಬೆಂಕಿಗಿಂತ ಹೆಚ್ಚು ಸಿನಿಮಾಗಳನ್ನು ತಿಂದದ್ದು ಈ ಲೆಕ್ಕಾಚಾರವೇ ಎಂದು ನನಗನ್ನಿಸುತ್ತದೆ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಕೆಲವೇ ಡಜನ್, ಅದರಲ್ಲೂ ಹಲವು ಬರೀ ತುಂಡುಗಳು. ನಾವು ಮಾತ್ರ ಹೀಗೆ ಎಂದುಕೊಳ್ಳಬೇಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇ. 14 ಮಾತ್ರ.

ರೀಲು ತಾನಾಗಿಯೇ ಸಾಯುವುದು ಹೇಗೆ

1950ರ ದಶಕದ ಆರಂಭದವರೆಗೆ ಸಿನಿಮಾ ಮುದ್ರಿಸುತ್ತಿದ್ದದ್ದು ಸೆಲ್ಯುಲೋಸ್ ನೈಟ್ರೇಟ್ ಎಂಬ ಪಟ್ಟಿಯ ಮೇಲೆ. ರಸಾಯನದ ದೃಷ್ಟಿಯಲ್ಲಿ ಇದು ಬಂದೂಕಿನ ಮದ್ದಿನ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಬೆಂಕಿ ತಾಗದಿದ್ದರೂ ವರ್ಷಗಳು ಕಳೆದಂತೆ ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ.

ಆಮೇಲೆ ಬಂದದ್ದು ಅಸಿಟೇಟ್ ಪಟ್ಟಿ. ಬೇಗ ಬೆಂಕಿ ಹಿಡಿಯದು, ಅದಕ್ಕೇ ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಪದ ಅಚ್ಚಾಗಿರುತ್ತದೆ. ಇದಕ್ಕೆ ಬೇರೆ ರೋಗ. ಬಿಸಿ ಮತ್ತು ತೇವ ಸೇರಿದರೆ ಪಟ್ಟಿ ಒಡೆದು ಅಸಿಟಿಕ್ ಆಮ್ಲ ಹುಟ್ಟುತ್ತದೆ. ಅಡುಗೆಮನೆಯ ವಿನೆಗರ್‌ನಲ್ಲಿ ಇರುವುದೂ ಇದೇ, ಹಾಗಾಗಿ ಡಬ್ಬಿ ತೆರೆದರೆ ಹುಳಿ ವಾಸನೆ ಗಪ್ಪನೆ ಮೂಗಿಗೆ ಬಡಿಯುತ್ತದೆ. ಹುಟ್ಟಿದ ಆಮ್ಲವೇ ಮುಂದಿನ ಕೊಳೆತವನ್ನು ಜೋರು ಮಾಡುತ್ತದೆ. ಹೆಪ್ಪು ಹಾಕಿದ ಹಾಲಿನ ಹಾಗೆ, ಒಮ್ಮೆ ಶುರುವಾದರೆ ಹಿಂದಿರುಗಿ ಹೋಗುವ ದಾರಿಯಿಲ್ಲ, ನಿಧಾನ ಮಾಡಬಹುದು ಅಷ್ಟೆ. ಪಟ್ಟಿ ಕುಗ್ಗುತ್ತದೆ, ಸುರುಳಿಕೊಳ್ಳುತ್ತದೆ, ಮೇಲಿನ ಚಿತ್ರದ ಪದರ ಹಪ್ಪಳದಂತೆ ಎದ್ದು ಬರುತ್ತದೆ. ಈ ರೋಗದ ಮೊದಲ ದೂರು ಕೊಡಕ್ ಕಂಪನಿಗೆ ಹೋದದ್ದು ಭಾರತ ಸರ್ಕಾರದಿಂದ. ಬಿಸಿಲು ಮತ್ತು ತೇವದಲ್ಲಿ ಇಟ್ಟಿದ್ದ ಫಿಲ್ಮುಗಳು ಇಲ್ಲಿ ಕೆಲವೇ ವರ್ಷಗಳಲ್ಲಿ ಹಾಳಾಗಿದ್ದವು.

ಲೆಕ್ಕ ಹೀಗಿದೆ. 21 ಡಿಗ್ರಿ ಉಷ್ಣಾಂಶ, ಶೇ. 50 ತೇವಾಂಶ ಇರುವ ಕೋಣೆಯಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ಹುಳಿ ಹಿಡಿಯಲು ಸುಮಾರು 40 ವರ್ಷ ಬೇಕು. ಐದಾರು ಡಿಗ್ರಿ ತಂಪು ಮಾಡಿದರೆ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿ. ಈಗ ಇದನ್ನೇ ತಿರುಗಿಸಿ ಯೋಚಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40ರ ಸುತ್ತ ಆಡುವ ನಮ್ಮ ಕಡೆ, ತಗಡಿನ ಮಾಡಿನ ಕೆಳಗೆ ಇಟ್ಟ ಡಬ್ಬಿಗೆ ಎಷ್ಟು ಆಯುಷ್ಯ?

ಬೀದರ್, ಭಾಲ್ಕಿ, ಔರಾದಿಗೆ ಇದರಲ್ಲೇನಿದೆ?

ಬಹಳ ಇದೆ. 1978ರಲ್ಲಿ ಕೆನಡಾದ ಡಾಸನ್ ಸಿಟಿ ಎಂಬ ಸಣ್ಣ ಊರಲ್ಲಿ ಕಟ್ಟಡಕ್ಕೆ ಅಡಿಪಾಯ ಅಗೆಯುವಾಗ ನೆಲದಡಿ 500ಕ್ಕೂ ಹೆಚ್ಚು ಮೂಕಿ ರೀಲುಗಳು ಸಿಕ್ಕವು. ಅವು ಅಲ್ಲಿಗೆ ಹೋದದ್ದಾದರೂ ಹೇಗೆ? ಆ ಊರು ಪ್ರಿಂಟುಗಳ ಪ್ರಯಾಣದ ಕೊನೆಯ ನಿಲ್ದಾಣ. ದೊಡ್ಡ ಊರುಗಳಲ್ಲೆಲ್ಲ ಓಡಿ ಸವೆದ ಪ್ರಿಂಟು ಅಲ್ಲಿಗೆ ಬರುತ್ತಿತ್ತು. ವಾಪಸ್ ಕಳಿಸುವ ಖರ್ಚು ಪ್ರಿಂಟಿನ ಬೆಲೆಗಿಂತ ಹೆಚ್ಚು ಅಂತ ಕಂಪನಿಗಳು ಬಿಟ್ಟುಬಿಟ್ಟವು. ಊರಿನವರು ಹಳೆಯ ಈಜುಕೊಳ ತುಂಬಲು ರೀಲುಗಳನ್ನು ಹಾಕಿ ಮಣ್ಣು ಮುಚ್ಚಿದರು. ನೆಲದ ಹಿಮ ಅವನ್ನು ಕಾಪಾಡಿತು. ಜರ್ಮನಿಯ ‘ಮೆಟ್ರೊಪೊಲಿಸ್’ ಚಿತ್ರದ ಕಳೆದುಹೋದ ಭಾಗ 2008ರಲ್ಲಿ ಸಿಕ್ಕಿದ್ದು ಜರ್ಮನಿಯಲ್ಲಲ್ಲ, ಸಮುದ್ರದಾಚೆಯ ಅರ್ಜೆಂಟೀನಾದಲ್ಲಿ. ಅಂದರೆ ಕಳೆದ ಸಿನಿಮಾ ಹುಟ್ಟಿದ ಊರಿನಲ್ಲೇ ಸಿಗಬೇಕೆಂದಿಲ್ಲ, ಸವೆದು ನಿಂತ ಊರಿನಲ್ಲೂ ಸಿಕ್ಕೀತು.

ಕರ್ನಾಟಕದ ನಕ್ಷೆಯಲ್ಲಿ ಉತ್ತರದ ಕಟ್ಟಕಡೆಯ ತಾಲ್ಲೂಕು ಔರಾದ್. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಿನಿಮಾ ವ್ಯಾಪಾರದವರ ಭಾಷೆಯಲ್ಲಿ ಬೀದರ್ ಸೇರುವುದು ‘ನಿಜಾಂ’ ಏರಿಯಾಗೆ. ಸಂಸ್ಥಾನ ಹೋಗಿ ಮುಕ್ಕಾಲು ಶತಮಾನ ಕಳೆದರೂ ಹಿಂದಿ ಸಿನಿಮಾ ಹಂಚಿಕೆಯ ಲೆಕ್ಕದಲ್ಲಿ ಆ ಹೆಸರು ಅಳಿಯಲಿಲ್ಲ. ಹೈದರಾಬಾದಿನಿಂದ ಹೊರಟ ಪೆಟ್ಟಿಗೆಗೆ ನಮ್ಮ ತಾಲ್ಲೂಕುಗಳು ದಾರಿಯ ಕೊನೆ. ಟಾಕೀಸುಗಳು ಬಾಗಿಲು ಹಾಕಿ ಕಲ್ಯಾಣಮಂಟಪವೋ ಕಾಂಪ್ಲೆಕ್ಸೋ ಆಗುವಾಗ ಪ್ರೊಜೆಕ್ಟರ್ ಕೋಣೆಯ ಮೂಲೆಯಲ್ಲಿದ್ದ ಡಬ್ಬಿಗಳು ಎಲ್ಲಿ ಹೋದವು ಎಂದು ಯಾರು ಕೇಳುತ್ತಾರೆ?

ನಿಜಾಂ ಸಂಸ್ಥಾನದಲ್ಲಿ ಸಿನಿಮಾ ತಯಾರಿಸುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. ಬಂಗಾಳದ ಧೀರೇನ್ ಗಂಗೂಲಿ 1922ರಲ್ಲಿ ನಿಜಾಮರ ನೆರವಿನಿಂದ ಹೈದರಾಬಾದಿನಲ್ಲಿ ಲೋಟಸ್ ಫಿಲ್ಮ್ ಕಂಪನಿ ಕಟ್ಟಿ ಸಾಲಾಗಿ ಮೂಕಿ ಚಿತ್ರಗಳನ್ನು ತೆಗೆದರು. 1924ರಲ್ಲಿ ಮುಂಬಯಿಯ ‘ರಜಿಯಾ ಬೇಗಂ’ ಎಂಬ ಚಿತ್ರ ತೋರಿಸಿದರು. ಮುಸ್ಲಿಂ ರಾಜಕುಮಾರಿ ಹಿಂದೂ ಯುವಕನನ್ನು ಪ್ರೀತಿಸುವ ಕಥೆ. ನಿಜಾಮರು ಸಿಟ್ಟಾಗಿ 24 ಗಂಟೆಯಲ್ಲಿ ರಾಜ್ಯ ಬಿಡಲು ಹೇಳಿದರು. ಗಂಗೂಲಿ ಕಲ್ಕತ್ತಕ್ಕೆ ಮರಳಿ ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆಯುವಷ್ಟು ಬೆಳೆದರು. ಹೈದರಾಬಾದಿನಲ್ಲಿ ತೆಗೆದ ಆ ಚಿತ್ರಗಳು ಮಾತ್ರ ಇಂದು ನೋಡಲು ಸಿಗುವುದಿಲ್ಲ. ನಮ್ಮ ಮುತ್ತಜ್ಜಂದಿರ ಕಾಲದ ಸಂಸ್ಥಾನದ ಬೀದಿ, ಬಟ್ಟೆ, ಮುಖಗಳು ಅವುಗಳಲ್ಲಿ ಎಷ್ಟಿದ್ದವೋ!

ಇನ್ನೊಂದು ಚಿತ್ರವನ್ನು ಹಾಗೆ ಕಳೆದುಕೊಳ್ಳಬಾರದು. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1980ರ ದಶಕದ ಆರಂಭದಲ್ಲಿ ಎಂ.ಎಸ್. ಸತ್ಯು ತೆಗೆದ ‘ಬರ’. ಅನಂತನಾಗ್ ಜಿಲ್ಲಾಧಿಕಾರಿಯ ಪಾತ್ರದಲ್ಲಿದ್ದ ಆ ಚಿತ್ರದ ಚಿತ್ರೀಕರಣ ನಡೆದದ್ದು ಬೀದರ್ ಭಾಗದಲ್ಲೇ. ಇದೇ ಕಥೆ ಹಿಂದಿಯಲ್ಲಿ ‘ಸೂಖಾ’ ಆಯಿತು. ಕಥೆ ಬರದ ರಾಜಕೀಯದ್ದು, ಅದು ಸರಿ. ಆದರೆ ಅದರ ಹಿನ್ನೆಲೆಯಲ್ಲಿ ಕಾಣುವ ಒಣ ನೆಲ, ರಸ್ತೆ, ಜನ ನಮ್ಮ ಜಿಲ್ಲೆಯ ನಲವತ್ತು ವರ್ಷ ಹಿಂದಿನ ಗುರುತು. ಅಂಥ ಗುರುತು ಯಾವ ಕಚೇರಿಯ ಕಡತದಲ್ಲಿದೆ?

4ಕೆ ಎಂದರೆ ಉಳಿಸಿದ್ದು ಎಂದಲ್ಲ

ಹಳೆಯ ಹಾಡೊಂದನ್ನು ‘4ಕೆ ಕ್ವಾಲಿಟಿಯಲ್ಲಿ ಮರುಜೀವ’ ಎಂದು ಕಳಿಸುವುದು ಈಗಿನ ರೂಢಿ. ಟಿ.ವಿ.ಯಿಂದಲೋ ಕ್ಯಾಸೆಟ್‌ನಿಂದಲೋ ಇಳಿಸಿಕೊಂಡ ಮಸುಕು ಪ್ರತಿಗೆ ಎಐ ತಂತ್ರಾಂಶ ಹಚ್ಚಿದರೆ ಮುಖ ನುಣುಪಾಗುತ್ತದೆ, ನಿಜ. ಆದರೆ ಮೂಲದಲ್ಲಿ ಇಲ್ಲದ ವಿವರವನ್ನು ಅದು ಊಹಿಸಿ ತುಂಬುತ್ತದೆ. ಬಣ್ಣ ಹಚ್ಚುವುದೂ ಬೇರೆ ಕೆಲಸ. 1965ರ ‘ಸತ್ಯ ಹರಿಶ್ಚಂದ್ರ’, 1971ರ ‘ಕಸ್ತೂರಿ ನಿವಾಸ’ ಬಣ್ಣದಲ್ಲಿ ಮತ್ತೆ ತೆರೆಗೆ ಬಂದಾಗ ಜನ ಮುಗಿಬಿದ್ದು ನೋಡಿದರು, ತಪ್ಪೇನಿಲ್ಲ. ಆದರೆ ಮೂಲ ಕಪ್ಪು ಬಿಳುಪು ನೆಗೆಟಿವ್ ಉಳಿದರೆ ಮಾತ್ರ ಸಿನಿಮಾ ಉಳಿದಂತೆ.

ನಿಜವಾದ ಮರುಸ್ಥಾಪನೆ ನೆಗೆಟಿವ್ ಹುಡುಕುವುದರಿಂದ ಶುರು. ಅದನ್ನು ತೊಳೆದು, ಹರಿದ ಕಡೆ ಕೈಯಿಂದ ಹೊಲಿದಂತೆ ಜೋಡಿಸಿ, ಒಂದೊಂದೇ ಚೌಕವನ್ನು ಸ್ಕ್ಯಾನ್ ಮಾಡಬೇಕು. ಸೆಕೆಂಡಿಗೆ 24 ಚೌಕ, ಎರಡು ಗಂಟೆಯ ಸಿನಿಮಾಗೆ 1,72,800. ಸತ್ಯು ಅವರದೇ ‘ಗರ್ಮ್ ಹವಾ’ ಹೀಗೆ ದುರಸ್ತಿಯಾಗಿ 2014ರ ನವೆಂಬರಿನಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ಭಂಡಾರದಲ್ಲಿ ಉಳಿದಿದ್ದರಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು 4ಕೆಯಲ್ಲಿ ಮರುಸ್ಥಾಪಿಸಿತು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವೂ ಆಯಿತು. ಪುಸ್ತಕ ಅಚ್ಚಾದರೆ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಲೇಬೇಕೆಂಬ ಕಾನೂನು 1954ರಿಂದ ಇದೆ. ಸಿನಿಮಾಗೆ ಅಂಥ ಕಡ್ಡಾಯವಿಲ್ಲ. ಹಾಗಾಗಿ ಉಳಿದದ್ದೆಲ್ಲ ಯಾರೋ ಮುತುವರ್ಜಿ ವಹಿಸಿದ್ದರಿಂದ ಉಳಿದದ್ದು.

ಡಬ್ಬಿ ಕಣ್ಣಿಗೆ ಬಿದ್ದರೆ

ಹಳೆಯ ಟಾಕೀಸಿನಲ್ಲಾಗಲಿ, ಪ್ರೊಜೆಕ್ಟರ್ ಆಪರೇಟರ್ ಆಗಿದ್ದ ಅಜ್ಜನ ಟ್ರಂಕಿನಲ್ಲಾಗಲಿ ರೀಲು ಸಿಕ್ಕರೆ ಗುಜರಿಗೆ ಹಾಕುವ ಮೊದಲು ಡಬ್ಬಿಯ ಮೇಲಿನ ಚೀಟಿಯ ಫೋಟೊ ತೆಗೆಯಿರಿ. ಫಿಲ್ಮಿನ ಮೊದಲ ಕೆಲವು ಅಡಿ ಮಾತ್ರ ಬಿಚ್ಚಿ, ಬೆಳಕಿಗೆ ಹಿಡಿದು ಹೆಸರು ಕಾಣುತ್ತದೆಯೇ ನೋಡಿ. ಬಲ್ಬಿಗೆ, ದೀಪಕ್ಕೆ ಹತ್ತಿರ ಒಯ್ಯಬೇಡಿ, ಪಕ್ಕದಲ್ಲಿ ಬೀಡಿ ಸಿಗರೇಟು ಬೇಡವೇ ಬೇಡ. ಅಂಚಿನಲ್ಲಿ ‘ನೈಟ್ರೇಟ್’ ಎಂದಿದ್ದರೆ ಅಥವಾ ಅಂಟಂಟಾಗಿದ್ದರೆ ಮತ್ತೆ ಮುಟ್ಟದೆ, ಮನೆಯಿಂದ ದೂರದ ತಂಪು ಜಾಗದಲ್ಲಿಟ್ಟು ತಿಳಿದವರನ್ನು ಕೇಳಿ. ಹುಳಿ ವಾಸನೆ ಇದ್ದರೆ ಆ ಡಬ್ಬಿಯನ್ನು ಉಳಿದವುಗಳಿಂದ ಬೇರೆ ಇಡಿ, ಆವಿ ತಗುಲಿ ಪಕ್ಕದ್ದಕ್ಕೂ ರೋಗ ಹಬ್ಬುತ್ತದೆ. ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಓಡುತ್ತದೆಯೇ ನೋಡೋಣ ಎಂದು ಪ್ರೊಜೆಕ್ಟರಿಗೆ ಹಾಕಬೇಡಿ. ಅಟ್ಟ, ತಗಡಿನ ಕೋಣೆ ಬೇಡ. ದಪ್ಪ ಕಲ್ಲುಗೋಡೆಯ ಹಳೆಯ ಮನೆಯ ಕೆಳಗಿನ ಒಳಕೋಣೆ ಎಷ್ಟೋ ಮೇಲು.

ವಿಷಯ ತಿಳಿಸಬೇಕಾದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ, ಈಗ ಅದು ಎನ್‌ಎಫ್‌ಡಿಸಿಯ ಭಾಗ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೂ ಬರೆಯಬಹುದು. ಹೆಸರು ಕೇಳಿರದ ಮರಾಠಿ ಚಿತ್ರವಾದರೂ, ಮೂರೇ ರೀಲು ಇದ್ದರೂ ತಿಳಿಸಿ. 1919ರ ‘ಬಿಲ್ವಮಂಗಲ್’ ಚಿತ್ರದ ಉಳಿದ ತುಣುಕು ಫ್ರಾನ್ಸಿನ ಭಂಡಾರದಲ್ಲಿತ್ತು. ಮೂಲದ ಆರನೆಯ ಒಂದು ಭಾಗದಷ್ಟೂ ಇಲ್ಲದ ಅದರ ಪ್ರತಿಯನ್ನು ಪುಣೆಯವರು ಅಲ್ಲಿಂದ ತರಿಸಿಕೊಂಡರು.

ರೀಲು ಎಲ್ಲರ ಮನೆಯಲ್ಲಿ ಇರದು, ವಿಡಿಯೊ ಕ್ಯಾಸೆಟ್ ಇರಬಹುದು. ಜಾತ್ರೆಯ ನಾಟಕ, ಅಣ್ಣನ ಮದುವೆ, ಟಿ.ವಿ.ಯಲ್ಲಿ ಒಮ್ಮೆ ಮಾತ್ರ ಬಂದ ಸಿನಿಮಾ. ಅವುಗಳ ಕಾಂತದ ಲೇಪ ಹತ್ತಿಪ್ಪತ್ತು ವರ್ಷದಲ್ಲಿ ಸಡಿಲವಾಗುತ್ತದೆ, ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡರೆ ಪ್ಲೇಯರಿಗೆ ಹಾಕದೆ ಮೊದಲು ಸ್ವಚ್ಛ ಮಾಡಿಸಿ, ಆಮೇಲೆ ಡಿಜಿಟಲ್ ಮಾಡಿಸಿ ಎರಡು ಕಡೆ ಇಡಿ. ಅಣ್ಣತಮ್ಮಂದಿರಿಗೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಆರಿಸಿದರೆ ಅದು ಫೈಲನ್ನು ಹಿಂಡಿ ಮಸುಕು ಮಾಡುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಇದ್ದದ್ದು ಇದ್ದ ಹಾಗೇ ತಲುಪುತ್ತದೆ.