ಗಣಿ ಮುಚ್ಚುವ ಮುನ್ನವೇ ಒಪ್ಪಂದವಾಗಲಿ

ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ ಹಾಗೂ ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳಲ್ಲಿ ಹೆಸರು ಕೆತ್ತಿದ್ದಾರೆ. ಹಳೇಬೀಡಿನ ಶಿಲ್ಪಿಗಳೂ ಹಾಗೆಯೇ. ದುಡಿದವನ ಹೆಸರಿಗೆ ಅಂದು ಅಷ್ಟು ಮನ್ನಣೆಯಿತ್ತು. ಶತಮಾನಗಳ ಬಳಿಕ ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯಲ್ಲಿ ಕಾರ್ಮಿಕನಿಂದ ಕಂಪನಿ ಕೇಳಿದ್ದು ಬೆರಳಚ್ಚನ್ನು. ಅದನ್ನು ಅವಮಾನವೆಂದು ಬಗೆದ ಕಾರ್ಮಿಕರು 1930ರಲ್ಲಿ ಸುಮಾರು ಮೂರು ವಾರ ಮುಷ್ಕರ ಹೂಡಿದರು. ಆಗ ಅವರಿಗೆ ಮಾನ್ಯತೆ ಪಡೆದ ಸಂಘವೇ ಇರಲಿಲ್ಲ.

1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆಯಿತ್ತಿತು. ಕೆ.ಎಸ್. ವಾಸನ್ ಮೊದಲಾದವರ ನಾಯಕತ್ವದಲ್ಲಿ ಸಂಘಟನೆ ಬೇರೂರಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ವೇತನ, ವಸತಿ, ಭತ್ಯೆಗಳು ದೊರೆತದ್ದು ಇಂತಹ ಹೋರಾಟಗಳ ಫಲವಾಗಿ.

ಕಲ್ಲಿದ್ದಲು ಕಾರ್ಮಿಕರ ಸಂಘಟನೆಗೆ ಆರಂಭದಿಂದಲೂ ರಾಷ್ಟ್ರವ್ಯಾಪಿ ನೆಲೆ ಒದಗಿತು. 1920ರಲ್ಲಿ ಸ್ಥಾಪನೆಯಾದ ಎಐಟಿಯುಸಿ ತನ್ನ ಎರಡನೆಯ ಅಧಿವೇಶನವನ್ನು 1921ರಲ್ಲಿ ನಡೆಸಿದ್ದು ಝರಿಯಾದ ಕಲ್ಲಿದ್ದಲು ಸೀಮೆಯಲ್ಲಿ. 1971–73ರ ರಾಷ್ಟ್ರೀಕರಣದ ನಂತರ ಭಿನ್ನ ಪಕ್ಷಗಳ ಸಂಘಗಳು ಒಂದೇ ಮೇಜಿನ ಸುತ್ತ ಕುಳಿತು ಇಡೀ ಉದ್ಯಮಕ್ಕೆ ಅನ್ವಯಿಸುವ ವೇತನ ಒಪ್ಪಂದ ಮಾಡಿಕೊಳ್ಳತೊಡಗಿದವು. 2023ರ ಮೇ ತಿಂಗಳಿನಲ್ಲಿ ಸಹಿಯಾದ ಹನ್ನೊಂದನೆಯ ಒಪ್ಪಂದ ಶೇ 19ರಷ್ಟು ಕನಿಷ್ಠ ಹೆಚ್ಚಳ ತಂದಿತು. ಈ ಬಲದ ಗುಟ್ಟು ಸರಳ. ಹಿಂದೆ ಅರಸೀಕೆರೆ ಜಂಕ್ಷನ್‌ನ ಉಗಿಬಂಡಿಗಳು ಓಡಿದ್ದು ಹೊರನಾಡಿನ ಕಲ್ಲಿದ್ದಲಿನಿಂದ. ಇಂದು ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರ ನಡೆಯುವುದೂ ಅದರಿಂದಲೇ. ಗಣಿ ನಿಂತರೆ ದೇಶವೇ ನಿಲ್ಲುತ್ತದೆ. ಚಿನ್ನದ ಕಾರ್ಮಿಕನಿಗೆ ಅಂತಹ ಅಸ್ತ್ರವಿರಲಿಲ್ಲ.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಬಾಕಿ ಹಣ, ವಸತಿಗೃಹಗಳಿಗಾಗಿ ಕಾರ್ಮಿಕರು ವರ್ಷಗಟ್ಟಲೆ ಅಲೆದರು. ಊರಿಗೆ ಉಳಿದದ್ದು ಸೈನೈಡ್ ಮಿಶ್ರಿತ ಮಣ್ಣಿನ ಗುಡ್ಡಗಳು. ಗಣಿ ಬದುಕಿದ್ದಾಗ ವೇತನಕ್ಕಾಗಿ ಚೌಕಾಶಿ ನಡೆಯಿತೇ ಹೊರತು ಅದರ ಅಂತ್ಯದ ಷರತ್ತುಗಳಿಗಾಗಿ ಅಲ್ಲ.

ಬ್ರಿಟನ್ನಿನ ಪಾಠವೂ ಇದೇ. 1945ರಲ್ಲಿ ರೂಪುಗೊಂಡ ಅಲ್ಲಿನ ರಾಷ್ಟ್ರೀಯ ಗಣಿ ಕಾರ್ಮಿಕರ ಸಂಘ ಪ್ರಬಲವೆನಿಸಿತ್ತು. ಗಣಿಗಳನ್ನು ಮುಚ್ಚುವ ನಿರ್ಧಾರ ಹೊರಬಿದ್ದ ಬಳಿಕ 1984–85ರಲ್ಲಿ ಒಂದು ವರ್ಷ ಮುಷ್ಕರ ಹೂಡಿ ಸೋತಿತು. ಅಲ್ಲಿನ ಕೊನೆಯ ಆಳದ ಕಲ್ಲಿದ್ದಲು ಗಣಿ 2015ರಲ್ಲಿ ಮುಚ್ಚಿತು.

ಸೌರ, ಪವನ ವಿದ್ಯುತ್ತಿನ ಪಾಲು ಬೆಳೆಯುತ್ತಿರುವ ಈ ಕಾಲದಲ್ಲಿ ನಮ್ಮ ಕಲ್ಲಿದ್ದಲಿನ ಸರದಿಯೂ ಒಂದು ದಿನ ಬರುವುದು. ಹೊರಗುತ್ತಿಗೆಯ ಕಾರ್ಮಿಕರು ಈಗಾಗಲೇ ರಾಷ್ಟ್ರೀಯ ವೇತನಶ್ರೇಣಿಯ ಹೊರಗುಳಿದಿದ್ದಾರೆ. ಪಿಂಚಣಿ, ಮನೆ, ಶ್ವಾಸಕೋಶದ ರೋಗಕ್ಕೆ ಚಿಕಿತ್ಸೆ, ನೆಲದ ಪುನಶ್ಚೇತನ ಇವೆಲ್ಲವೂ ಮುಂದಿನ ಒಪ್ಪಂದದಲ್ಲೇ ಲಿಖಿತವಾಗಬೇಕು. ಅದರಲ್ಲಿ ಗುತ್ತಿಗೆಯವರ ಹೆಸರೂ ಇರಬೇಕು. ಸಂಘಗಳ ಕೈಯಲ್ಲಿ ಬಲವಿರುವುದು ಗಣಿ ನಡೆಯುತ್ತಿರುವವರೆಗೆ ಮಾತ್ರ.